ಇನ್ನೂರ ಹದಿನೆಂಟು ಕುರ್ಚಿಗಳ ಅಟೆಂಡರು

"ಸಾಹೇಬರ ಕುರ್ಚಿಯಲ್ಲಿ ಸಾಹೇಬರಿಗಿಂತ ಮೊದಲು ಕೂರೋ ಮಹಾನುಭಾವ," ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಅವನಿಗೆ ಕುರ್ಚಿಯಣ್ಣ ಎಂಬ ಹೆಸರು ಬಿದ್ದದ್ದೂ ಹಾಗೆಯೇ. ಸರ್ಕಾರಿ ಕಚೇರಿಯ ಅಟೆಂಡರ್ ಆತ. ಕಚೇರಿಯ ಹಿಂಭಾಗಕ್ಕೆ ಅಂಟಿಕೊಂಡಿದ್ದ ಎರಡು ಕೋಣೆಯ ಕ್ವಾರ್ಟರ್ಸೇ ಅವನ ಮನೆ.

ಆಡಿಕೊಳ್ಳುವವರಿಗೆ ಒಳಗಿನ ಕತೆ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ, ತುಂಬು ಬಸುರಿಯಾಗಿದ್ದ ಟೈಪಿಸ್ಟಮ್ಮ ಕೂತ ಕುರ್ಚಿಯ ಕಾಲು ಮುರಿದು, ಆಕೆ ದೊಪ್ಪೆಂದು ಬಿದ್ದಿದ್ದಳು. ತಾಯಿ ಮಗು ಇಬ್ಬರೂ ಉಳಿದರು, ಅದು ಪುಣ್ಯ. ಆದರೆ ಹಿಂದಿನ ದಿನವೇ ಆ ಕುರ್ಚಿ ಅಲ್ಲಾಡಿದ್ದನ್ನು ನೋಡಿಯೂ ಸುಮ್ಮನಿದ್ದವನು ಇವನು. ಮಾರನೆಯ ದಿನದಿಂದ ಕಚೇರಿ ತೆರೆಯುವ ಮೊದಲು ಪ್ರತಿ ಕುರ್ಚಿಯಲ್ಲೂ ತಾನೇ ಕೂತು, ಒಮ್ಮೆ ಹಿಂದಕ್ಕೆ ಒರಗಿ, ಎಡಕ್ಕೆ ಬಲಕ್ಕೆ ವಾಲಿ ನೋಡತೊಡಗಿದ. ಮೂರು ಮಹಡಿ, ಇನ್ನೂರ ಹದಿನೆಂಟು ಕುರ್ಚಿ. ಒಂದೊಂದಕ್ಕೆ ಅರ್ಧ ನಿಮಿಷ. ಬಿದ್ದರೆ ಮೊದಲು ತಾನೇ ಬೀಳಲಿ ಎಂಬ ಲೆಕ್ಕ.

ಆಮೇಲೆ ಎಲ್ಲರೂ ಮನೆಯಿಂದಲೇ ಕೆಲಸ ಮಾಡುವ ಕಾಲ ಬಂತು. ಮೊದಮೊದಲು ವಾರಕ್ಕೆರಡು ದಿನ ಬಂದು ಮುಖ ತೋರಿಸುತ್ತಿದ್ದವರು ತಿಂಗಳಿಗೊಮ್ಮೆಗೆ ಇಳಿದರು. ಅದೂ ನಿಂತಿತು. ಕುಡಿಯುವ ನೀರಿನ ಕ್ಯಾನಿನವನು ಬರುವುದು ಬಿಟ್ಟ. ಗೋಡೆಯ ಗಡಿಯಾರಗಳು ಒಂದೊಂದು ಮಹಡಿಯಲ್ಲಿ ಒಂದೊಂದು ಹೊತ್ತಿಗೆ ನಿಂತವು. ಕುರ್ಚಿಯಣ್ಣ ಮಾತ್ರ ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲು ಹತ್ತುತ್ತಿದ್ದ. ಈಗ ಮಂಡಿ ನೋವು. ಕೂರುವುದು ಸುಲಭ, ಏಳುವುದೇ ಕಷ್ಟ.

ಒಂದು ದಿನ ಯಾರೋ ಬಂದು ಪ್ರತಿ ಮೇಜಿನಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ ಅಂಟಿಸಿ ಹೋದರು. ಏನೆಂದು ಕೇಳಿದರೆ, "ಮೇಲಿನವರ ಆರ್ಡರ್," ಎಂದಷ್ಟೇ ಹೇಳಿದರು. ಮೂರು ತಿಂಗಳಾದ ಮೇಲೆ ಕಾಗದ ಬಂತು: ಕಟ್ಟಡದ ಎಲ್ಲ ಆಸನಗಳೂ ದಿನಾಲೂ ಬಳಕೆಯಲ್ಲಿರುವುದರಿಂದ ಮುಚ್ಚುವ ವಿಚಾರ ಕೈಬಿಡಲಾಗಿದೆ. ಕ್ವಾರ್ಟರ್ಸೂ ಉಳಿಯಿತು.

ಓದಿ ಹೇಳಿದಾಗ ಹೆಂಡತಿ, "ಸದ್ಯ, ಮನೆ ಉಳೀತು," ಎಂದು ಗೋಡೆ ಹಿಡಿದು ಕೂತುಬಿಟ್ಟಳು. ನಾಲ್ಕು ವರ್ಷದಿಂದ ಅವಳ ಕಣ್ಣು ಮಂಜಾಗುತ್ತ ಬಂದು ಈಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಆ ಮನೆಯನ್ನು ಅವಳು ಹೆಜ್ಜೆಯ ಲೆಕ್ಕದಲ್ಲಿ ಬಲ್ಲಳು. ಬಾಗಿಲಿನಿಂದ ಒಲೆಗೆ ಆರು, ಒಲೆಯಿಂದ ಬಚ್ಚಲಿಗೆ ಹತ್ತು. ಬೇರೆ ಮನೆಯೆಂದರೆ ಅವಳಿಗೆ ಮತ್ತೆ ಅಂಬೆಗಾಲು.

ಹದಿನೈದು ದಿನವೂ ಆಗಿರಲಿಲ್ಲ, ಮೇಲಿನ ಕಚೇರಿಯಿಂದ ಒಬ್ಬ ಮೇಡಂ ಬಂದರು. ಹನ್ನೊಂದು ಗಂಟೆಯ ಹೊತ್ತು. ಮೂರು ಮಹಡಿ ಸುತ್ತಿ ಬಂದು, ಎದುರಿಗಿದ್ದ ಕುರ್ಚಿಯಲ್ಲಿ ಕೂತು, ಒಂದು ಹಾಳೆ ಬಿಡಿಸಿದರು.

"ಎಂಟು ಗಂಟೆಗೆ ಈ ಕುರ್ಚೀಲಿ ಯಾರೋ ಕೂತಿದ್ದಾರೆ. ಎದ್ದ ಕೂಡ್ಲೇ ಪಕ್ಕದ್ದರಲ್ಲಿ. ಆಮೇಲೆ ಅದರ ಪಕ್ಕದ್ದು. ಹೀಗೇ ಇನ್ನೂರ ಹದಿನೆಂಟು, ದಿನಾಲೂ. ಬರೀ ಮೊತ್ತ ನೋಡಿದವರಿಗೆ ಇಡೀ ಆಫೀಸು ತುಂಬಿದ ಹಾಗೆ ಕಾಣುತ್ತೆ. ಯಾರ್ರೀ ಬರ್ತಾರೆ ಇಲ್ಲಿಗೆ? ಅರ್ಧ ಗಂಟೆ ಮಟ್ಟಿಗೆ ಬಂದು ಹೋಗ್ತಾರೆ ಅಂದ್ರೂ ಬರ್ಕೊಂಡು ಹೋಗ್ತೀನಿ."

ಆಗ ಅವನಿಗೆ ಪೆಟ್ಟಿಗೆಯ ಗುಟ್ಟು ತಿಳಿಯಿತು; ಯಾವ ಕುರ್ಚಿಯಲ್ಲಿ ಯಾವಾಗ ಕೂತರೆಂದು ಲೆಕ್ಕ ಇಡುತ್ತಿದ್ದುದು ಅದೇ. ಹೌದು, ಬರುತ್ತಾರೆ ಎಂದರೆ ಸಾಕಿತ್ತು. ಆರು ಹೆಜ್ಜೆ, ಹತ್ತು ಹೆಜ್ಜೆ ಕಣ್ಣ ಮುಂದೆ ಬಂದವು. ಆದರೆ ಅಲ್ಲಾಡುವುದನ್ನು ಕಂಡೂ ಸುಮ್ಮನಿದ್ದು ಒಮ್ಮೆ ಕೆಟ್ಟಿದ್ದವನು ಅವನು.

"ನಾನೇ ಮೇಡಂ," ಎಂದ.

"ನೀವೊಬ್ರೇನಾ? ಯಾಕೆ?"

"ಯಾರಾದ್ರೂ ಬಿದ್ದುಗಿದ್ದಾರು ಅಂತ."

"ಯಾರೂ ಬರೋದೇ ಇಲ್ವಲ್ರೀ."

"ನೀವು ಬಂದ್ರಲ್ಲ. ಕೂತಿದ್ದೀರಲ್ಲ."

ಮೇಡಂ ತಾವು ಕೂತ ಕುರ್ಚಿಯ ಕೈ ಮುಟ್ಟಿ ನೋಡಿಕೊಂಡರು. ಹಾಳೆ ಮಡಚಿಕೊಂಡು ಎದ್ದು ಹೋದರು.

ಮನೆಯಲ್ಲಿ ಅರ್ಚನೆ ಆಯಿತು. "ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಏನಾಗ್ತಿತ್ತು ನಿಮಗೆ? ನಾಳೆಯಿಂದ ಒಂದೊಂದರಲ್ಲೂ ಅರ್ಧ ಗಂಟೆ ಕೂತ್ಕೊಂಡು ಬನ್ನಿ, ನೋಡೋಣ ಆ ಪೆಟ್ಟಿಗೆ ಏನ್ ಹೇಳುತ್ತೆ."

"ನೂರಾ ಒಂಬತ್ತು ಗಂಟೆ ಆಗುತ್ತೆ ಕಣೇ. ದಿನಕ್ಕಿರೋದು ಇಪ್ಪತ್ನಾಲ್ಕು."

ಅವಳಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವನು ಗೋಡೆಗೊರಗಿ ಕೂತ. ಇಪ್ಪತ್ತಾರು ವರ್ಷದ ದಣಿವೆಲ್ಲ ಆ ಒಂದು ಮಧ್ಯಾಹ್ನಕ್ಕೇ ಕಾದಿದ್ದಂತೆ ಮೈಮೇಲೆ ಬಂತು.

ಎರಡನೆಯ ಕಾಗದ ಬರಲು ತಡವಾಗಲಿಲ್ಲ. ಕಟ್ಟಡಕ್ಕೆ ಬೀಗ, ಕ್ವಾರ್ಟರ್ಸ್ ತೆರವು. ಅವನಿಗೆ ಊರಿನ ಇನ್ನೊಂದು ಕೊನೆಯ ಗೋದಾಮಿಗೆ ವರ್ಗ, ಅಲ್ಲೇ ಒಂದು ಸಣ್ಣ ಮನೆ.

ಹೊರಡುವ ಬೆಳಿಗ್ಗೆಯೂ ಅವನು ಮೂರು ಮಹಡಿ ಹತ್ತಿ ಇನ್ನೂರ ಹದಿನೆಂಟರಲ್ಲೂ ಕೂತೆದ್ದ. ಒಂದು ಕುರ್ಚಿ ಕೊಂಚ ಅಲುಗಿತು. ಜೇಬಿನಿಂದ ಸ್ಪ್ಯಾನರ್ ತೆಗೆದು ಬಿಗಿ ಮಾಡಿಯೇ ಇಳಿದ.

ಸಾಮಾನೆಲ್ಲ ಗಾಡಿ ಸೇರಿತ್ತು. ಹೆಂಡತಿ ಬರಿದಾದ ಕೋಣೆಯಲ್ಲಿ ಒಲೆಯ ಕಟ್ಟೆಯನ್ನು ಸವರುತ್ತ ನಿಂತಿದ್ದಳು.

"ಅಲ್ಲಿ ಬಾಗಿಲಿಂದ ಒಲೆಗೆ ಎಷ್ಟಾಗುತ್ತೋ," ಎಂದಳು.

"ನಾಲ್ಕು. ಬಚ್ಚಲಿಗೆ ಏಳು. ಏಳನೇದಕ್ಕೆ ಹೊಸಿಲಿದೆ, ಕಾಲೆತ್ತಿಡಬೇಕು."

"ಯಾವಾಗ ಹೋಗಿದ್ರಿ?"

"ನಿನ್ನೆ. ಕೀಲಿ ತರೋಕೆ."

"ನಿಮ್ಮ ದಾಪುಗಾಲಲ್ಲಿ ನಾಲ್ಕು ಅಂದ್ರೆ ನನಗೆ ಏಳೆಂಟಾಗುತ್ತೆ."

"ನಿನ್ನ ಹೆಜ್ಜೇಲೇ ನಡೆದು ನೋಡಿದೀನಿ ಬಾರೇ."

ಅವಳು ಕೈ ಚಾಚಿದಳು. ಅವನು ಹಿಡಿದುಕೊಂಡ. ಒಲೆಯಿಂದ ಬಾಗಿಲಿಗೆ ಆರು ಹೆಜ್ಜೆ ಎಣಿಸಿ, ಇಬ್ಬರೂ ಹೊರಗೆ ಬಂದರು.