ಎರಡು ಸಾವಿರವೋ, ಎರಡು ಸಾವಿರದ ಇನ್ನೂರೋ

ನನ್ನ ಬಾಯಿಂದ ನಮ್ಮ ಮನೆಯಲ್ಲಿ ಯಾರಿಗೂ ಬಿಡುಗಡೆಯಿಲ್ಲ. ಡೊಂಬಿವಲಿ ಸ್ಟೇಷನ್ನಿನಲ್ಲಿ ಗಾಡಿ ಲೇಟು ಎಂದು ಹೇಳುವ ಹೆಂಗಸು, ಸೊಸಾಯಿಟಿಯ ಸೆಕ್ರೆಟರಿ, ಫೋನಿನಲ್ಲಿ ತನ್ನ ತಂಗಿಯ ಜೊತೆ ಪಿಸುಗುಡುವ ಅವ್ವ, ಖಾರಘರದ ಆಫೀಸಿನಲ್ಲಿ ಬೆನ್ನು ಬಗ್ಗಿಸಿ ‘ಯೆಸ್ ಸರ್’ ಅನ್ನುವ ನಾನು, ಎಲ್ಲರೂ ನನ್ನ ಅಣಕಿನಲ್ಲಿ ನಮ್ಮ ಊಟದ ಟೇಬಲ್ಲಿಗೆ ಬಂದು ಹೋಗುತ್ತಾರೆ. ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿದ್ದುದು ಅಪ್ಪ ಕಾರು ಓಡಿಸುವ ಐಟಮ್ಮಿಗೆ. ಆ ಐಟಮ್ಮಿನಿಂದ ಈಗ ಒಂದು ತುಂಡನ್ನು ತೆಗೆದುಹಾಕಿದ್ದೇನೆ. ಯಾಕೆ ತೆಗೆದೆ ಎಂದು ನೆನಪಾದಾಗಲೆಲ್ಲ ಉಸಿರು ಸಲೀಸಾಗುತ್ತದೆ.

ಅಪ್ಪನ ಕಾರು ನನಗಿಂತ ಹಿರಿಯದು. ಉದ್ದ ಮೂತಿ, ಅಗಲ ಎದೆ, ಹಿಂದಿನ ಚಕ್ರ ತಳ್ಳುವ ಹಳೇ ಪೆಟ್ರೋಲ್ ಗಾಡಿ. ನನ್ನ ವಯಸ್ಸಿನವರು ಅದಕ್ಕೆ ಮಸಲ್ ಕಾರ್ ಅನ್ನುತ್ತಾರೆ, ಅವ್ವ ಎಮ್ಮಿ ಅನ್ನುತ್ತಾಳೆ. ವಾರದಲ್ಲಿ ಆರು ದಿನ ಲೋಕಲ್ ರೈಲಿನಲ್ಲಿ ನಿಂತೇ ಆಫೀಸಿಗೆ ಹೋಗಿ ರಿಟೈರಾದ ಅಪ್ಪ, ಭಾನುವಾರ ಒಂದು ದಿನ ಅದರಲ್ಲಿ ಕೂತು ಹೋಗುತ್ತಿದ್ದ. ಆ ಕೂಡುವ ಗತ್ತೇ ಬೇರೆ.

ಆದರೆ ಕೆಲವು ತಿಂಗಳಿಂದ ಅಪ್ಪ ಕೂಡುವುದನ್ನೇ ಬಿಟ್ಟಿದ್ದ. ಒಂದು ಭಾನುವಾರ “ಟ್ರಾಫಿಕ್ ಭಾಳ ಅದ,” ಇನ್ನೊಂದು ಭಾನುವಾರ “ಪಾರ್ಕಿಂಗ್ ಸಿಗೂದಿಲ್ಲ,” ಮೂರನೆಯದಕ್ಕೆ “ರಿಕ್ಷಾನ ಸುಖ.” ಗಾಡಿಗೂ ವಯಸ್ಸಾಗಿತ್ತು. ಕಾಟಯಿ ನಾಕಾದ ಸೇತುವೆ ಹತ್ತುವಾಗ ಹೊಗೆ ಬಿಡುತ್ತಾ ಏದುಸಿರು ಹಾಕುತ್ತಿತ್ತು. ಕೊನೆಗೊಂದು ದಿನ ಪೇಪರಿನಿಂದ ತಲೆ ಎತ್ತದೆ ಅಂದ: “ಕೊಟ್ಟ ಬಿಡೂಣು. ಭಿವಂಡಿ ಗುಜರಿಯವ ನಂಬರ್ ಕೊಟ್ಟಾನ.” ಹೀಗೆ ಅಂದವನು ಅವತ್ತು ಬೆಳಿಗ್ಗೆ ಅರ್ಧ ಗಂಟೆ ಅದೇ ಕಾರಿನ ಬಾನೆಟ್ ಒರೆಸಿದ್ದ.

ರೋಗ ಏನೆಂದು ನಾನೇ ತೀರ್ಮಾನಿಸಿಬಿಟ್ಟೆ. ಗಾಡಿಯಲ್ಲಿ ಜೋರಿಲ್ಲ, ಅದಕ್ಕೇ ಅಪ್ಪನಿಗೆ ಮನಸ್ಸಿಲ್ಲ. ಜೋರು ತುಂಬಿದರೆ ಅಪ್ಪ ತಾನಾಗಿ ಸ್ಟೇರಿಂಗ್ ಹಿಡಿಯುತ್ತಾನೆ. ಎಂಜಿನ್ನು ಹೇಗೂ ಬಿಚ್ಚಲೇಬೇಕು, ಬಿಚ್ಚಿದಾಗ ದೊಡ್ಡದೇ ಮಾಡಿಸೋಣ ಅಂದೆ.

ಅಪ್ಪ ಪೇಪರು ಮಡಚಿಟ್ಟ. “ಒಮ್ಮೆ ನೋಡು,” ಅಂದ. “ಮತ್ತ ಬಿಚ್ಚೂದಿಲ್ಲ. ಇದೂ ಸರಿ ಆಗಲಿಲ್ಲಂದ್ರ ಭಿವಂಡಿ.”

ಗ್ಯಾರೇಜು ವಿಠ್ಠಲವಾಡಿ ಸ್ಟೇಷನ್ನಿನ ಹಿಂದೆ. ಅದರ ಯಜಮಾನರನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಾರೆ. ಉಡುಪಿ ಕಡೆಯವರು. ಅವರ ಅಣ್ಣ ತಮ್ಮಂದಿರೆಲ್ಲ ಹೋಟೆಲು ಹಾಕಿದರೆ ಇವರೊಬ್ಬರು ಗ್ಯಾರೇಜು ಹಾಕಿದರು. ಆದರೂ ಯಾವ ಗಾಡಿ ಬಂದು ನಿಂತರೂ “ಎಂತ ಕೊಡುದು?” ಅಂತಲೇ ಕೇಳುತ್ತಾರೆ.

ಎಂಜಿನ್ನು ಬಿಚ್ಚಿಟ್ಟ ದಿನ ನನಗೂ ಹಾಗೇ ಕೇಳಿದರು. ಎರಡು ತರಹ ಉಂಟು ಅಂದರು. ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರಕ್ಕೆ ಸ್ಟ್ರೋಕ್ ಅನ್ನುತ್ತಾರೆ. ಬೇರೆ ಕ್ರ್ಯಾಂಕ್ ಹಾಕಿದರೆ ಆ ದೂರ ಹೆಚ್ಚಾಗುತ್ತದೆ. ಹೊರಗಿನ ಬ್ಲಾಕು ಅದೇ ಇದ್ದರೂ ನಮ್ಮ ಸಾವಿರದ ಎಂಟುನೂರರ ಎಂಜಿನ್ನು ಎರಡು ಸಾವಿರ ಸಿಸಿ ಆಗುತ್ತದೆ. ಅದು ಒಂದು ತರಹ. ಅದರ ಮೇಲೆ ಸಿಲಿಂಡರನ್ನೂ ಕೊರೆಸಿ ಅಗಲ ಮಾಡಿಸಿದರೆ ಎರಡು ಸಾವಿರದ ಇನ್ನೂರು.

“ಬಾವೀಸ್‌ಸೋ, ಇಪ್ಪತ್ತೆರಡು ನೂರು!” ಅಂದೆ ನಾನು, ಅವರ ಮಾತು ಮುಗಿಯುವ ಮೊದಲೇ. ಅಷ್ಟಕ್ಕೇ ಬಿಡದೆ ಆ ಎಂಜಿನ್ನು ಹೇಗೆ ಗುಡುಗುತ್ತದೆ ಎಂದು ಬಾಯಲ್ಲಿ ಮಾಡಿಯೂ ತೋರಿಸಿದೆ. ಪಕ್ಕದ ವೆಲ್ಡಿಂಗ್ ಅಂಗಡಿಯವನು ತಿರುಗಿ ನೋಡಿದ. ಗಾಡಿ ಬಂತೆಂದು ಬೆಕ್ಕೊಂದು ಎದ್ದು ಓಡಿತು. ನನ್ನ ಜೀವನದ ದೊಡ್ಡ ಪ್ರಶಸ್ತಿ ಅದೇ.

“ಬ್ಲಾಕು ಇವತ್ತು ಮಧ್ಯಾಹ್ನವೇ ಬೋರಿಂಗಿಗೆ ಹೋಗ್ತದೆ,” ಅಂದರು ಉಸ್ತಾದ್. “ಒಮ್ಮೆ ಕೊರೆದ್ರೆ ವಾಪಸಿಲ್ಲ, ಗೊತ್ತುಂಟಲ್ಲ? ಆಮೇಲೆ ಆರ್‌ಟಿಓದಲ್ಲಿ ಬರೆಸುದು ನಿನ್ನ ಕೆಲಸ. ಮತ್ತೆ ಬಾವೀಸ್‌ಸೋಗೆ ಕ್ಲಚ್ಚು ಗಟ್ಟಿದು ಬೇಕು. ಈಗಿಂದು ಜಾರ್ತದೆ.”

“ಹಾಕ್ರಿ ಗಟ್ಟೀದ!”

“ಗಾಡಿ ಓಡಿಸುದು ನೀನಾ?”

“ಅಲ್ರೀ, ಅಪ್ಪ.”

“ಹೇಗೆ ಓಡಿಸ್ತಾರೆ?”

ಇಂಥ ಪ್ರಶ್ನೆಯನ್ನು ನನ್ನಂಥವನಿಗೆ ಯಾರೂ ಕೇಳಬಾರದು. ಪ್ಲಾಸ್ಟಿಕ್ ಸ್ಟೂಲು ಎಳೆದು ಕೂತೆ, ಶುರು ಮಾಡಿದೆ. ಕನ್ನಡಿ ಸರಿ ಮಾಡಿದ ಹಾಗೆ ಮಾಡಿ ಅದರಲ್ಲಿ ಮೀಸೆ ನೋಡಿಕೊಳ್ಳುವುದು. ಮುಂದಿನ ರಿಕ್ಷಾದವನಿಗೆ “ಏ, ನಿಮ್ಮಪ್ಪನ ರಸ್ತೇನು?” ಅಂತ ಕಿಟಕಿ ಮುಚ್ಚಿಕೊಂಡೇ ಬೈಯುವುದು. ಕ್ಲಚ್ ಒತ್ತುವಾಗ ಹಲ್ಲು ಕಚ್ಚಿ “ಹಾ” ಅನ್ನುವುದು, ಗೇರ್ ಹಾಕುವುದು, ಎಡಗೈಯಿಂದ ಎಡ ಮೊಣಕಾಲನ್ನು ಹಿಡಿದು ಬದಿಗಿಡುವುದು, ಮತ್ತೆ ಕ್ಲಚ್, ಮತ್ತೆ “ಹಾ”, ಮತ್ತೆ ಕೈ ಮೊಣಕಾಲಿಗೆ. ಈ ಮೊಣಕಾಲಿನ ಜಾಗದಲ್ಲೇ ಮನೆಯಲ್ಲಿ ಅವ್ವ ನೀರು ಕುಡಿಯುತ್ತಿದ್ದರೆ ನೆತ್ತಿಗೆ ಹತ್ತುತ್ತಿತ್ತು. ಅಲ್ಲಿಯೂ ಅಷ್ಟೆ. ವೆಲ್ಡಿಂಗಿನವನು ಕನ್ನಡ ಬರದಿದ್ದರೂ ಬಗ್ಗಿ ಬಗ್ಗಿ ನಕ್ಕ.

ಉಸ್ತಾದ್ ನಗಲಿಲ್ಲ. “ಇನ್ನೊಮ್ಮೆ ಮಾಡು,” ಅಂದರು.

ಒನ್ಸ್ ಮೋರ್ ಎಂದು ನಾನು ಉಬ್ಬಿ ಇನ್ನಷ್ಟು ಜೋರಾಗಿ ಮಾಡಿದೆ.

“ಆ ಮೊಣಕಾಲು ಹಿಡಿಯುದು ಎಂತ?”

“ಅದು ಅಪ್ಪನ ಸ್ಟೈಲ್ರೀ.”

“ಮೊದ್ಲಿಂದ ಉಂಟಾ ಈ ಸ್ಟೈಲು?”

ಯೋಚಿಸಿದೆ. ಮೊದಲಿಂದ ಇರಲಿಲ್ಲ. ಕಳೆದ ಗಣಪತಿ ಹಬ್ಬದ ಹೊತ್ತಿಗೆ ನನ್ನ ಐಟಮ್ಮಿಗೆ ಹೊಸದಾಗಿ ಸೇರಿದ್ದು ಅದು.

“ಬಲಗಾಲನ್ನು ಹೀಗೆ ಹಿಡೀತಾರಾ?”

ಇಲ್ಲ. ಬಲಗಾಲನ್ನು ಯಾವತ್ತೂ ಹಿಡಿದಿರಲಿಲ್ಲ.

“ನೋವು ಮಾರಾಯ,” ಅಂದರು ಉಸ್ತಾದ್, ಕೈ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾ. “ಕ್ಲಚ್ಚು ಒತ್ತಿದ ಮೇಲೆ ಆ ಕಾಲು ತನ್ನಷ್ಟಕ್ಕೆ ಬರುದಿಲ್ಲ. ಕೈಯಲ್ಲಿ ಎತ್ತಿ ಇಡ್ತಿದ್ದಾರೆ. ಇನ್ನು ಇದಕ್ಕಿಂತ ಗಟ್ಟಿ ಕ್ಲಚ್ಚು ಹಾಕಿದ್ರೆ ಅವರು ಈ ಗಾಡಿಗೆ ಕೂತುಕೊಳ್ಳುದು ಮುಗೀತು.”

ಸ್ಟೂಲಿನ ಮೇಲೆ ಹಾಗೇ ಕೂತೆ. ನನ್ನ ಕೈ ಇನ್ನೂ ನನ್ನ ಎಡ ಮೊಣಕಾಲಿನ ಮೇಲೇ ಇತ್ತು. ಬೆರಳು ಎಲ್ಲಿ ಮಡಚುತ್ತದೆ, ಹಲ್ಲು ಎಷ್ಟು ಕಚ್ಚುತ್ತದೆ ಎಂಬುದನ್ನೆಲ್ಲ ನೋಡಿ ನೋಡಿ ಕಲಿತಿದ್ದೆ. ಯಾಕೆ ಎಂದು ಮಾತ್ರ ಒಂದು ದಿನವೂ ಕೇಳಿರಲಿಲ್ಲ.

“ಬ್ಲಾಕು ಇವತ್ತು ಕಳಸಬ್ಯಾಡ್ರಿ,” ಅಂದೆ. ಅದು ನನ್ನದೇ ದನಿ. ಸಣ್ಣದಿತ್ತು.

ಮನೆಗೆ ಬಂದರೆ ಅಪ್ಪ ಅವರೆಕಾಯಿ ಬಿಡಿಸುತ್ತಾ ಕೂತಿದ್ದ.

“ಅಪ್ಪಾ, ಮೊಣಕಾಲು ಯಾವಾಗಿಂದ ನೋಯಾಕತ್ತದ?”

“ಯಾವ ಮೊಣಕಾಲು?”

“ಎಡಗಡೀದು!” ಎಂದು ಅಡುಗೆಮನೆಯಿಂದ ಅವ್ವನ ಉತ್ತರ ಬಂತು. “ದಿನಾ ಎಣ್ಣಿ ತಿಕ್ಕಾಕಿ ನಾನು. ಹೇಳಬ್ಯಾಡ ಅಂದಾರ, ಹೇಳಿಲ್ಲ.”

“ನನಗ್ಯಾಕ ಹೇಳಲಿಲ್ಲ?”

ಅಪ್ಪ ಒಂದು ಕಾಯಿ ಬಿಡಿಸಿ, ಕಾಳು ಬಟ್ಟಲಿಗೆ ಹಾಕಿ, ನನ್ನ ಮುಖ ನೋಡಿದ. “ನಿನಗ ಹೇಳಿದ್ರ ಅದನ್ನೂ ಮಾಡಿ ತೋರಸ್ತಿದ್ದಿ.”

ಆಗಲೇ ಮಾಡಿ ತೋರಿಸುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು. ಊಟದ ಟೇಬಲ್ಲಿನಲ್ಲಿ ಎಲ್ಲರ ಜೊತೆ ಅವನೂ ನಗುತ್ತಿದ್ದ.

ಡಾಕ್ಟರು ವ್ಯಾಯಾಮ ಹೇಳಿದ್ದರಂತೆ, ಓಡಿಸಬೇಡ ಅಂದಿರಲಿಲ್ಲವಂತೆ. ಕಾಲಿಗೆ ಭಾರ ಬೀಳದಿದ್ದರೆ ಸಾಕು ಅಂದಿದ್ದರಂತೆ. ಇದನ್ನು ಉಸ್ತಾದ್ ಅವರಿಗೆ ಫೋನಿನಲ್ಲಿ ಹೇಳಿದಾಗ ಅವರು, “ಹಾಗಾದ್ರೆ ಎರಡು ಸಾವಿರವೇ ಸರಿ, ಸುಮ್ಮನಿರು,” ಅಂದರು. ಸ್ಟ್ರೋಕ್ ಉದ್ದ ಆದರೆ ಎಂಜಿನ್ನು ನಿಧಾನ ತಿರುಗುವಾಗಲೇ ಎಳೆಯುತ್ತದೆ, ಗೇರು ಬದಲಿಸುವುದು ಕಡಿಮೆ, ಗೇರು ಕಡಿಮೆಯಾದರೆ ಕ್ಲಚ್ಚೂ ಕಡಿಮೆ. ಹಳೇ ಕ್ಲಚ್ಚೇ ತಡೆಯುತ್ತದೆ, ಅದನ್ನೂ ಬಿಚ್ಚಿ ಹಗುರ ಮಾಡಿಕೊಡುತ್ತೇನೆ ಅಂದರು. “ಮೂರನೇ ಗೇರಿಗೆ ಹಾಕಿ ಬಿಡ್ಲಿಕ್ಕೆ ಹೇಳು. ಆನೆ ಹಾಗೆ ನಡೀತದೆ.”

ಎಂಜಿನ್ನು ಕೂತು, ಕಾಗದಪತ್ರವೆಲ್ಲ ಮುಗಿದ ಮೇಲಿನ ಮೊದಲ ಭಾನುವಾರ ಅಪ್ಪನೇ ಕೀಲಿ ತೆಗೆದುಕೊಂಡ. ಅವ್ವ ಮುಂದೆ ಶೇಂಗಾದ ಡಬ್ಬಿ ಹಿಡಿದು ಕೂತಳು. ನಾನು ಹಿಂದೆ, ನಡುವಿನ ಜಾಗದಲ್ಲಿ. ರಸ್ತೆ ನೋಡಲಿಲ್ಲ. ಅಪ್ಪನ ಎಡಗೈಯನ್ನೇ ನೋಡುತ್ತಿದ್ದೆ.

ಕಲ್ಯಾಣ ಶೀಳ ರಸ್ತೆ ಎಂದಿನ ಹಾಗೆ ತುಂಬಿತ್ತು. ಟೆಂಪೊ, ಟ್ಯಾಂಕರ್, ತಪ್ಪು ದಿಕ್ಕಿನಿಂದ ಬರುವ ಸ್ಕೂಟರು. ಅಪ್ಪ ಕ್ಲಚ್ ಒತ್ತಿದ, ಕೈ ಗೇರಿನ ಮೇಲಿತ್ತು. ಬಿಟ್ಟ, ಕೈ ಗೇರಿನ ಮೇಲೇ ಇತ್ತು. ಕಾಟಯಿಯ ಸೇತುವೆ ಬಂತು. ಮೂರನೇ ಗೇರಿನಲ್ಲೇ, ಹೊಗೆಯಿಲ್ಲ, ಏದುಸಿರಿಲ್ಲ, ಗಾಡಿ ಮೇಲೆ ಹತ್ತಿ ಆಚೆ ಇಳಿಯಿತು. ಆಮೇಲೆ ಆ ಕೈ ಅವ್ವನ ಡಬ್ಬಿಯತ್ತ ಹೋಯಿತು. ಕಿಟಕಿ ಮುಚ್ಚಿಕೊಂಡೇ ಒಬ್ಬ ರಿಕ್ಷಾದವನಿಗೆ ಬೈಗುಳವೂ ಬಿತ್ತು. ಖಾರಘರ ಬರುವವರೆಗೆ ನಾನು ಬಾಯಿ ಬಿಡಲಿಲ್ಲ.

“ಯಾಕೋ, ಆರಾಮ ಇಲ್ಲೇನು?” ಅಂತ ಅವ್ವ ಹಿಂದೆ ತಿರುಗಿ ಕೇಳಿದಳು.

ಮರುದಿನ ಊಟಕ್ಕೆ ಕೂತಾಗ ಅವಳೇ ಅಂದಳು, “ಅಪ್ಪಂದು ಮಾಡೋ.”

ಅಪ್ಪನ ಕಡೆ ನೋಡಿದೆ. ಮಾಡು ಎಂಬಂತೆ ತಲೆಯಾಡಿಸಿದ. ಮೀಸೆ ನೋಡಿಕೊಂಡೆ, ರಿಕ್ಷಾದವನಿಗೆ ಬೈದೆ, ಕ್ಲಚ್ ಒತ್ತಿದೆ, ಗೇರ್ ಹಾಕಿದೆ. ಅಭ್ಯಾಸಬಲದಿಂದ ಎಡಗೈ ಮೊಣಕಾಲಿನತ್ತ ಹೊರಟು ಅರ್ಧದಲ್ಲೇ ನಿಂತಿತು.

“ಮುಂದ?” ಅಂದಳು ಅವ್ವ.

“ಮುಂದೇನ್ಲೇ,” ಅಂದ ಅಪ್ಪ ನನಗೆ, “ನಿನ್ನೆ ನೋಡಿಲ್ಲೇನು? ಆ ಕೈಯಿಂದ ಶೇಂಗಾ ತಿನ್ನತಿದ್ದೆ.”