ಮಾಲ್ಟಾದ ನೀರಿಗೆ ಇಳಿಯುವ ಮುನ್ನ

ಆಷಾಢ ನೋಡಿಕೊಂಡು ಮೆಡಿಟರೇನಿಯನ್ ಕಡೆಗೆ ಹೊರಡಬೇಡಿ. ನಾವು ಮಾಡಿದ ಮೊದಲ ತಪ್ಪು ಅದೇ. ಮಾಲ್ಟಾ ದ್ವೀಪದಲ್ಲಿ ನೆಲೆಸಿದ್ದ ನನ್ನ ಕಾನ್ವೆಂಟ್ ಗೆಳತಿ ಫೋನಿನಲ್ಲಿ ಬಿಡಿಸಿ ಹೇಳಿದ್ದಳು: "ಜೂನ್‌ನಲ್ಲಿ ಬಾ, ಇಲ್ಲಾ ಸೆಪ್ಟೆಂಬರ್‌ನಲ್ಲಿ ಬಾ. ಆಗಸ್ಟ್ ಮಾತ್ರ ಬೇಡ ಕಣೇ. ಇಡೀ ಯೂರೋಪ್ ಬಂದು ಇಲ್ಲಿ ಬಿಸಿಲಿಗೆ ಬಿದ್ದುಕೊಂಡಿರುತ್ತೆ." ಆದರೆ ತಿಪಟೂರಿನ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಟಿಕೆಟ್ಟಿನ ಮಾತು ಬಂದಾಗ ಯಾರೂ ಮಾಲ್ಟಾದ ವೆದರ್ ವಿಚಾರಿಸಲಿಲ್ಲ, ಗೋಡೆಯ ಕ್ಯಾಲೆಂಡರ್ ತಿರುವಿದರು. ಜೂನ್‌ ಹೊತ್ತಿಗೆ ವೀಸಾ ಕೈಗೆ ಬರಲಿಲ್ಲ. ಅದು ಬಂದಾಗ ಆಷಾಢ ಬಂದು ಕೂತಿತ್ತು. ಸೆಪ್ಟೆಂಬರ್‌ನಲ್ಲಿ ಗೌರಿ ಹಬ್ಬ, ಅದರ ಬೆನ್ನಿಗೇ ಪಿತೃಪಕ್ಷ. ಉಳಿದದ್ದು ಶ್ರಾವಣ. ಹೀಗೆ ಒಳ್ಳೆಯ ದಿನ, ಒಳ್ಳೆಯ ಗಳಿಗೆ ನೋಡಿ, ನಾನೂ ನನ್ನ ನಾದಿನಿಯೂ ಆ ದ್ವೀಪದ ಅತ್ಯಂತ ಕೆಟ್ಟ ತಿಂಗಳಿಗೆ ಸರಿಯಾಗಿ ಹೋಗಿ ಇಳಿದೆವು.

ಇದೆಲ್ಲ ತೊಂಬತ್ತರ ದಶಕದ ಕೊನೆಯ ಮಾತು. ಈಗ ನಮ್ಮ ಕಡೆಯ ಹೆಂಗಸರು ಗುಂಪು ಕಟ್ಟಿಕೊಂಡು ಫಾರಿನ್ ಟೂರ್ ಹೋಗುತ್ತಾರೆ. ಹೊರಡುವ ಮುಂಚೆ ಒಬ್ಬರಲ್ಲ ಒಬ್ಬರು ಬಂದು, "ನೀವು ಹೋಗಿದ್ರಲ್ಲ, ಏನೇನ್ ತಗೊಂಡ್ ಹೋಗ್ಬೇಕು ಹೇಳಿ" ಎಂದು ಕೇಳುತ್ತಾರೆ. ಹೇಳುತ್ತೇನೆ. ಆದರೆ ನನಗೆ ಆ ರಜೆಯೆಂದರೆ ಒಂದೇ ಒಂದು ವಿಷಯ. ಅದನ್ನು ಬಿಟ್ಟು ಬರೀ ಕ್ಯಾಪು, ಕನ್ನಡಕ, ಕ್ರೀಮಿನ ಬಗ್ಗೆ ಮಾತಾಡಲು ನನಗೆ ಬರುವುದಿಲ್ಲ.

ನನಗೆ ನೀರೆಂದರೆ ಭಯ. ಚಿಕ್ಕಂದಿನಲ್ಲಿ ಅಮ್ಮ ನನ್ನನ್ನು ಬಾವಿಯ ಕಟ್ಟೆ ಹತ್ತಲು ಬಿಟ್ಟವಳಲ್ಲ. ಕಾನ್ವೆಂಟಿನಿಂದ ಒಮ್ಮೆ ಸಮುದ್ರಕ್ಕೆ ಎಕ್ಸ್‌ಕರ್ಷನ್ ಹೋದಾಗ ಹುಡುಗಿಯರೆಲ್ಲ ಸ್ಕರ್ಟ್ ಎತ್ತಿ ಕಟ್ಟಿ ಓಡಿದರು. ಎಲ್ಲರಿಗಿಂತ ಮುಂದೆ ನನ್ನ ಈ ಗೆಳತಿ. ನಾನು ಮರಳಿನ ಮೇಲೆ ನಿಂತು ಎಲ್ಲರ ಶೂಗಳನ್ನು ಕಾದೆ. ಸಿಸ್ಟರ್ "ವೆರಿ ರೆಸ್ಪಾನ್ಸಿಬಲ್ ಗರ್ಲ್" ಎಂದರು. ಆ ಹೊಗಳಿಕೆ ಎಷ್ಟೋ ವರ್ಷ ಗಂಟಲಲ್ಲಿ ಮುಳ್ಳಿನ ಹಾಗೆ ಇತ್ತು. ಮುಂದೆ ಆ ಗೆಳತಿ ನರ್ಸ್ ಆದಳು, ಮಾಲ್ಟಾದವನೊಬ್ಬನನ್ನು ಮದುವೆಯಾಗಿ ಅಲ್ಲಿಗೇ ಹೋದಳು. ಬೇಸಿಗೆಯಲ್ಲಿ ಮನೆಯ ಮೇಲಿನ ರೂಮುಗಳನ್ನು ಪ್ರವಾಸಿಗಳಿಗೆ ಕೊಡುತ್ತಿದ್ದಳು. "ಒಂದು ರೂಮು ನಿನಗೆ ಇಟ್ಟಿರ್ತೀನಿ, ಆದ್ರೆ ಒಂದು ಕಂಡೀಷನ್" ಎಂದಳು. "ನೀರಿಗಿಳಿಯೋ ಹಾಗಿದ್ರೆ ಮಾತ್ರ ಬಾ. ನಾನು ದಿನಾ ಬೆಳಿಗ್ಗೆ ಒಂದು ಬಂಡೆವರೆಗೂ ಈಜ್ತೀನಿ. ನೀನೂ ಬರಬೇಕು."

"ಬರ್ತೀನಿ" ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ಭಯ ಶುರುವಾಯಿತು. ಆದರೂ ಆ ಬಂಡೆಯನ್ನು ಮುಟ್ಟಿಯೇ ಬರಬೇಕು ಎಂದು ಆ ಕ್ಷಣವೇ ನಿಶ್ಚಯ ಮಾಡಿದೆ. ಆಗ ನನಗೆ ಅರವತ್ತರ ಹತ್ತಿರ.

ಈಜು ಕಲಿಸಿದವಳು ನನ್ನ ಯಜಮಾನರ ತಂಗಿ, ಶೆಟ್ಟಿಕೆರೆಗೆ ಕೊಟ್ಟ ನಾದಿನಿ. ಹುಡುಗಿಯಾಗಿದ್ದಾಗ ನಮ್ಮ ತೋಟದ ಮೆಟ್ಟಿಲುಬಾವಿಯಲ್ಲಿ ಅಣ್ಣಂದಿರ ಸಮಕ್ಕೆ ಧುಮುಕುತ್ತಿದ್ದವಳು. ಮೈನೆರೆದ ಮೇಲೆ ಬಾವಿ ಅವಳ ಪಾಲಿಗೆ ಮುಚ್ಚಿತು. "ನಿಮ್ ನೆಪದಾಗೆ ನಾನೂ ಒಂದ್ ಕಿತ ಬೀಳ್ತೀನಿ ಬುಡಿ ಅತ್ಗೆ" ಎಂದು ಬ್ಯಾಗು ಹಿಡಿದುಕೊಂಡು ಬಂದೇಬಿಟ್ಟಳು. ಆ ವರ್ಷ ಮಳೆ ಚೆನ್ನಾಗಿ ಆಗಿ ಬಾವಿಯಲ್ಲಿ ನೀರು ಮೇಲಕ್ಕೇ ಇತ್ತು.

ನಮ್ಮ ಸೀಮೆಯಲ್ಲಿ ಈಜು ಕಲಿಯುವುದು ತೆಂಗಿನಕಾಯಿ ಕಟ್ಟಿಕೊಂಡು. ಸುಲಿಯದ, ಚೆನ್ನಾಗಿ ಒಣಗಿದ ಎರಡು ಕಾಯಿ ಆರಿಸಬೇಕು. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಉರುಳಿ ಲೊಟಲೊಟ ಅನ್ನಬೇಕು. ಎರಡರ ಮಟ್ಟೆಯಲ್ಲೂ ಒಂದೊಂದು ಪಟ್ಟಿ ಸೀಳಿ, ಗಂಟು ಹಾಕಿ, ಸೊಂಟಕ್ಕೆ ಬಿಗಿದರೆ ಆಯಿತು. ನೀರಲ್ಲಿ ಅವು ಎರಡು ಕೈಗಳ ಹಾಗೆ ನಡುವನ್ನು ಎತ್ತಿ ಹಿಡಿಯುತ್ತವೆ. ಕಾಯಿ ಕೀಳುವವರು ಹೊರಟುಹೋದ ಮೇಲೆ, ಮಧ್ಯಾಹ್ನ ನಮ್ಮ ಪಾಠ. ಬೇರೆ ಗಂಡಸರು ಬಾರದಂತೆ ಕಾವಲಿಗೆ ನಮ್ಮ ಯಜಮಾನರು ಬಾವಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಕಾವಲಿಗಿಂತ ಕಾಮೆಂಟರಿಯೇ ಹೆಚ್ಚು.

"ಏನೇ, ಸದ್ದೇ ಇಲ್ವಲ್ಲ. ಇದ್ದೀಯೋ, ಹೋದ್ಯೋ?"

"ಇದ್ದೀನಿ ಕಣ್ರೀ."

"ಸುಮ್ನೆ ಕೇಳ್ದೆ. ರಾತ್ರಿ ಮುದ್ದೆ ಯಾರ್ ತೊಳುಸ್ತಾರೆ ಅಂತ."

"ಅಣ್ಣಯ್ಯ, ನೀನ್ ಸುಮ್ಕಿರು" ಎಂದು ನಾದಿನಿ ಗದರುತ್ತಿದ್ದಳು. "ಅತ್ಗೆ, ಕಾಲ್ ಒದೀರಿ, ಕಾಲು! ಮಜ್ಜಿಗೆ ಕಡದಂಗೆ ಕೈ ತಿರುವ್‌ಬ್ಯಾಡಿ."

ಹೊರಡುವ ಹೊತ್ತಿಗೆ ನಾನು ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಿದ್ದೆ, ಕಾಯಿ ಕಟ್ಟಿಕೊಂಡು. ಕಾಯಿ ಬಿಚ್ಚಿದರೆ ಕಲ್ಲಿನಂತೆ ಕೆಳಗಿಳಿಯುತ್ತಿದ್ದೆ. ಹಾಗಾಗಿ ಒಂದು ಜೋಡಿಯನ್ನು ಮಾಲ್ಟಾಕ್ಕೇ ಒಯ್ಯುವುದು ಎಂದು ನಿರ್ಧಾರವಾಯಿತು. ಅಟ್ಟದ ಮೇಲಿನ ಕೊಬ್ಬರಿ ಬಿಟ್ಟು ಬರಲೊಪ್ಪದ ಯಜಮಾನರು ತಾವೇ ಅಟ್ಟ ಹತ್ತಿ, ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಒಳ್ಳೆಯ ಜೋಡಿ ಆರಿಸಿ ಸೂಟ್‌ಕೇಸಿಗೆ ಹಾಕಿದರು.

ಇದು ನನ್ನ ಎರಡನೆಯ ಬುದ್ಧಿಮಾತು: ಅಂಥ ಕಾಯಿ ಒಯ್ಯಬೇಡಿ. ಮಾಲ್ಟಾದ ಏರ್‌ಪೋರ್ಟಿನಲ್ಲಿ ಆಫೀಸರ್ ಸೂಟ್‌ಕೇಸ್ ತೆಗೆಸಿದ. ಕಂದು ಬಣ್ಣದ ಎರಡು ಗುಂಡುಗಳನ್ನು ನೋಡಿ ಎತ್ತಿದ. ಅವು ಲೊಟಲೊಟ ಅಂದವು. ಕೈ ಅಲ್ಲೇ ನಿಂತಿತು.

"ವಾಟ್ ಈಸ್ ಇನ್‌ಸೈಡ್, ಮೇಡಮ್?"

"ಕೋಕನಟ್" ಎಂದೆ.

"ಟು ಈಟ್?"

"ನೋ. ಫಾರ್ ಸ್ವಿಮ್ಮಿಂಗ್."

ಅವನು ನನ್ನ ಸೀರೆ ನೋಡಿದ, ಕಾಯಿ ನೋಡಿದ. ನಾದಿನಿಗೆ ತಡೆಯಲಾಗಲಿಲ್ಲ. "ಕಾಯಿ ಕಣಪ್ಪ, ಬಾಂಬಲ್ಲ!" ಎಂದುಬಿಟ್ಟಳು. ಆ ವಾಕ್ಯದಲ್ಲಿ ಒಂದೇ ಒಂದು ಪದ ಅವನಿಗೆ ಅರ್ಥವಾಯಿತು. ಅವಳ ಕಾಲು ತುಳಿದೆ, ಆದರೆ ತಡವಾಗಿತ್ತು. ನಮ್ಮನ್ನು ಒಂದು ರೂಮಿನಲ್ಲಿ ಕೂರಿಸಿದರು. ಕೊನೆಗೆ ನನ್ನ ಕಾನ್ವೆಂಟ್ ಇಂಗ್ಲಿಷೂ ಹೊರಗಿನಿಂದ ಓಡಿಬಂದ ಗೆಳತಿಯ ಮಾಲ್ಟೀಸ್ ಭಾಷೆಯೂ ಸೇರಿ ಕಾಯಿ ಬಿಡಿಸಿಕೊಂಡು ಬಂದೆವು.

ಇನ್ನು ಆ ದ್ವೀಪದ ದಿನಚರಿ. ಬೇಸಿಗೆಯಲ್ಲಿ ಅಲ್ಲಿ ಕಲ್ಲೂ ಗೋಡೆಯೂ ಬೆಲ್ಲದ ಬಣ್ಣಕ್ಕೆ ಕಾದಿರುತ್ತವೆ. ಊಟದ ಹೊತ್ತಿನಿಂದ ಇಳಿಹೊತ್ತಿನವರೆಗೆ ಬಾಗಿಲು ಹಾಕಿ ಮಲಗುತ್ತಾರೆ; ನೀವೂ ಮಲಗಿ, ಶಾಪಿಂಗ್ ಎಂದು ತಿರುಗಬೇಡಿ. ಚರ್ಚಿಗೆ ಹೋಗುವಾಗ ಭುಜ ಮುಚ್ಚಿರಬೇಕು. ಸೀರೆಯ ಸೆರಗಿನಷ್ಟು ಅನುಕೂಲ ಇನ್ನಾವುದೂ ಇಲ್ಲ. ನಲ್ಲಿ ನೀರು ಸಪ್ಪೆಯೂ ಅಲ್ಲ, ಉಪ್ಪೂ ಅಲ್ಲ, ಬಾಟಲಿ ಕೊಳ್ಳಿ. ನಮ್ಮಂತೆ ಮೀನು ಮಾಂಸ ಮುಟ್ಟದವರು ಟೊಮೇಟೊ ಉಜ್ಜಿ ಎಣ್ಣೆ ಹಾಕಿದ ಬ್ರೆಡ್ ಕೇಳಿ, ಆದರೆ ಮೀನು ಹಾಕಬೇಡಿ ಎಂದು ಎರಡು ಸಲ ಹೇಳಿ. ಚಟ್ನಿಪುಡಿ ಇಟ್ಟುಕೊಂಡಿರಿ. ನೀರಿಗಿಳಿಯಲು ನೈಟಿ ಮಾತ್ರ ಹಾಕಿಕೊಳ್ಳಬೇಡಿ. ನಾದಿನಿಯ ಹತ್ತಿ ನೈಟಿ ಗಾಳಿ ತುಂಬಿಕೊಂಡು ಕೊಡೆಯ ಹಾಗೆ ಬಿಚ್ಚಿಕೊಂಡು ಮೇಲೆ ಬಂತು; ಅವಳ ತಲೆ ಅದರೊಳಗೆ ಸೇರಿ ಹೋಯಿತು. ಮೈಗೆ ಸರಿಯಾಗಿ ಕೂರುವ, ಗಾಢ ಬಣ್ಣದ ಚೂಡಿದಾರ್ ವಾಸಿ. ಡೀಸೆಂಟೂ ಹೌದು.

ಗೆಳತಿಯ ಮನೆಯ ಕೆಳಗೆ ಮರಳಿರಲಿಲ್ಲ. ಚಪ್ಪಟೆ ಕಲ್ಲು, ಕಲ್ಲಿಗೆ ಹೊಡೆದ ಕಬ್ಬಿಣದ ಏಣಿ, ಏಣಿಯ ಕೆಳಗೆ ನೇರ ನೀಲಿ ನೀರು. ಆಚೆ ಎಮ್ಮೆ ಮಲಗಿದಂತೆ ಒಂದು ಬಂಡೆ. "ಅದೇ" ಎಂದಳು ಗೆಳತಿ. ಫೋನಿನಲ್ಲಿ ಕೇಳಿದ್ದಕ್ಕಿಂತ ಅದು ದೂರವಿತ್ತು.

ಮೊದಲ ಬೆಳಿಗ್ಗೆ ಸೊಂಟಕ್ಕೆ ಕಾಯಿ ಬಿಗಿದು ಏಣಿ ಇಳಿದೆ. ಕಲ್ಲಿನ ಮೇಲೆ ಮಲಗಿದ್ದ ಪ್ರವಾಸಿಗಳು ಎದ್ದು ಕೂತರು. ಯಾರೋ ಫೋಟೋ ತೆಗೆದರು. ನಾನು ಗಮನ ಕೊಡಲಿಲ್ಲ. ಏಣಿ ಬಿಟ್ಟೆ, ಬಾವಿಯಲ್ಲಿ ಮಾಡಿದಂತೆ ಮುಂದಕ್ಕೆ ಬಾಗಿದೆ. ಅಷ್ಟೇ. ನಡು ಆಕಾಶಕ್ಕೆ ಹೋಯಿತು, ತಲೆ ಪಾತಾಳಕ್ಕೆ. ಕಾಲುಗಳು ನೀರನ್ನು ಬಿಟ್ಟು ಗಾಳಿಯನ್ನು ಒದೆಯುತ್ತಿದ್ದವು. ಮೂಗು, ಬಾಯಿ, ಕಿವಿ ಎಲ್ಲ ಉಪ್ಪು. ತಲೆ ಎತ್ತಬೇಕೆಂದಷ್ಟೂ ಕಾಯಿಗಳು ಬೆನ್ನನ್ನು ಎತ್ತಿ ನನ್ನನ್ನು ಮುಂದಕ್ಕೆ ಮಗುಚುತ್ತಿದ್ದವು. ಗೆಳತಿ ನನ್ನ ಜಡೆ ಹಿಡಿದು ಏಣಿಗೆ ಎಳೆದು ತಂದಳು.

ಮೇಲೆ ಬಂದು ಕೆಮ್ಮಿ ಕೆಮ್ಮಿ ಕೂತೆ. ಮೈ ನಡುಗುತ್ತಿತ್ತು. ನಾದಿನಿ ಟವೆಲ್ ಹೊದಿಸಿ, "ಸಾಕು ಬುಡಿ ಅತ್ಗೆ. ಇಷ್ಟ್ ದೂರ ಬಂದು ನೀರ್ ಮುಟ್ಟಿದ್ರಲ್ಲ. ಯಾರ್ ಬಂದ್ ನೋಡ್ತಾರೆ? ಬಂಡೆ ಮುಟ್ದೆ ಅಂತ ಹೇಳಿದ್ರಾಯ್ತು" ಎಂದಳು. ಕರುಣೆಯ ಮಾತೇ. ಆದರೆ ಅದನ್ನು ಕೇಳಿದ ಕೂಡಲೇ ನನ್ನ ನಡುಕ ನಿಂತಿತು.

"ಹಾಗೆ ಹೇಳೋದಕ್ಕೆ ತಿಪಟೂರಲ್ಲೇ ಕೂತಿರಬಹುದಿತ್ತು ಕಣೇ" ಎಂದೆ.

ಏನಾಯಿತು ಎಂದು ಗೆಳತಿ ಬಿಡಿಸಿ ಹೇಳಿದಳು. ಅಲ್ಲಿಯ ನೀರಿನಲ್ಲಿ ಉಪ್ಪು ಜಾಸ್ತಿ, ಮೈಯನ್ನು ತಾನೇ ಎತ್ತುತ್ತದೆ. ಅದರ ಜೊತೆಗೆ ಕಾಯಿಗಳೂ ಎತ್ತಿದರೆ ಮನುಷ್ಯ ತಿರುವುಮುರುವಾಗುತ್ತಾನೆ. ಬಾವಿಯ ಸಿಹಿನೀರಿಗೆ ಸರಿಯಾದ ಲೆಕ್ಕ ಕಡಲಿಗೆ ತಪ್ಪಿತ್ತು. "ನಿನ್ನ ಲೈಫ್‌ಜಾಕೆಟ್ಟೇ ನಿನ್ನನ್ನು ಮುಳುಗಿಸ್ತಾ ಇದೆ, ಮೈ ಡಿಯರ್. ಬಿಚ್ಚು ಅದನ್ನ." ಬಾವಿಯಲ್ಲಿ ಕಾಯಿ ಬಿಚ್ಚಿದಾಗ ಏನಾಗುತ್ತಿತ್ತು ಎಂದು ನಾನು ಹೇಳಿದೆ. "ಅದು ಬಾವಿ. ಇದು ಬೇರೆ" ಎಂದಳು.

ನಂಬುವುದು ಸುಲಭವಾಗಿರಲಿಲ್ಲ. ನಾದಿನಿ ಅಂದೇ ಆ ಕಾಯಿ ಸುಲಿದು, ಒಡೆದು, ಕೊಬ್ಬರಿ ತುರಿದು ಗೆಳತಿಯ ಅಡುಗೆಮನೆಯಲ್ಲಿ ಪಲ್ಯಕ್ಕೆ ಹಾಕಿಬಿಟ್ಟಳು. ಈಗ ಬೇಕೆಂದರೂ ಕಟ್ಟಿಕೊಳ್ಳಲು ಏನೂ ಇರಲಿಲ್ಲ.

ಇಲ್ಲೊಂದು ಮಾತು ಕೇಳಿ, ವಯಸ್ಸಾದವರಿಗೆ ಹೇಳುತ್ತಿದ್ದೇನೆ. ಬೆಳಿಗ್ಗೆಯ ನೀರಿಗೆ ಅವಸರ ಮಾಡಬೇಡಿ. ಇಳಿಹೊತ್ತಿಗೆ ನೀರು ಬೆಚ್ಚಗಿರುತ್ತದೆ, ಪ್ರವಾಸಿಗಳು ಎದ್ದು ಹೋಗಿರುತ್ತಾರೆ, ಆಗ ಊರಿನ ಅಜ್ಜಿಯರು ಬರುತ್ತಾರೆ. ತಲೆಗೆ ಹ್ಯಾಟ್ ಹಾಕಿಕೊಂಡು, ಏಣಿಯಿಂದ ಸ್ವಲ್ಪ ಆಚೆ ಕಾಲಿಗೆ ನೆಲ ಸಿಗುವ ಕಡೆ ಕತ್ತಿನವರೆಗೂ ನೀರಿನಲ್ಲಿ ನಿಂತು, ನಮ್ಮ ಕಡೆ ನಲ್ಲಿಯ ಹತ್ತಿರ ನಿಂತಂತೆ ಒಬ್ಬರ ಮನೆಯ ಸುದ್ದಿ ಇನ್ನೊಬ್ಬರಿಗೆ ಹೇಳುತ್ತಿರುತ್ತಾರೆ. ಅವರ ಮಧ್ಯೆ ಹೋಗಿ ನಿಲ್ಲಿ. ಅವರ ಮಾತಿನ ಗದ್ದಲದಲ್ಲಿ ಭಯಕ್ಕೆ ಜಾಗ ಕಮ್ಮಿ. ಹೊಟ್ಟೆ ಆಕಾಶಕ್ಕೆ ಮಾಡಿ ಮಲಗುವುದನ್ನು ನಾನು ಕಲಿತದ್ದು ಅಲ್ಲಿ. ಮೊದಲು ಗೆಳತಿಯ ಅಂಗೈ ಬೆನ್ನಿನ ಕೆಳಗಿತ್ತು. ಆಮೇಲೆ ಒಂದು ಬೆರಳು. ಆಮೇಲೆ, "ನಾನು ಆಗಲೇ ಕೈ ತೆಗೆದೆ" ಎಂದಳು. ಕೇಳಿದ ಕೂಡಲೇ ಮುಳುಗಿದೆ. ಎದ್ದೆ, ಮತ್ತೆ ಮಲಗಿದೆ. ದಿನಾ ಸಂಜೆ ಇದೇ; ಆಮೇಲಾಮೇಲೆ ಕಾಯಿಲ್ಲದೆಯೇ ಮಗುಚಿ ನಾಲ್ಕು ಮಾರು ಈಜಲೂ ಬಂತು. ನೀರಿನಲ್ಲಿ ಜೆಲ್ಲಿಫಿಶ್ ಇದೆಯೇ ಎಂದು ಅಜ್ಜಿಯರನ್ನು ಕೇಳಿಯೇ ಇಳಿಯಿರಿ. ನಾನು ಕೇಳದ ದಿನ ತೋಳಿನ ಮೇಲೆ ತುರಚಿ ಸೊಪ್ಪು ಸವರಿದ ಹಾಗೆ ಬರೆ ಎದ್ದಿತ್ತು. ಆ ಸಂಜೆಯೂ ಬಿಡಲಿಲ್ಲ.

ಊರಿನಿಂದ ಫೋನ್ ಬಂತು. "ಬಂಡೆ ಮುಟ್ಟಿದ್ಯೇನೇ?" ಎಂದರು ಯಜಮಾನರು.

"ಇಲ್ಲ ಕಣ್ರೀ."

"ಹೋಗ್ಲಿ ಬುಡು, ಬಂಡೆ ನಮ್ಮೂರಲ್ಲೂ ಅವೆ."

"ಅವನ್ನ ನೀವು ಮುಟ್ಟಿ" ಎಂದು ಫೋನ್ ಇಟ್ಟೆ.

ಹಿಂದಿರುಗುವ ಮುನ್ನಾದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿಕೊಂಡೇ ಕಡಲಿಗೆ ಹೋಗಿ. ಅಲ್ಲಿಯವರು ಗಾಳಿಗೆ ಬೆನ್ನು ತಿರುಗಿಸಿದ ದಡವನ್ನೇ ಆರಿಸುತ್ತಾರೆ. ಅಂದು ನೀರು ಎಣ್ಣೆ ಹೊಯ್ದ ಹಾಗೆ ಸುಮ್ಮನಿತ್ತು. ನಾದಿನಿ ಏಣಿಯ ಮೇಲೆ ಕೂತಳು. ಗೆಳತಿ ಪಕ್ಕದಲ್ಲಿ, ಮುಟ್ಟದಷ್ಟು ದೂರದಲ್ಲಿ. ನಾನು ಏಣಿ ಬಿಟ್ಟೆ.

ಕೆಳಗೆ ನೋಡಬಾರದು ಎಂದುಕೊಂಡಿದ್ದೆ, ನೋಡಿದೆ. ತಳ ಕಾಣಲಿಲ್ಲ, ನೀಲಿ ಮಾತ್ರ ಇತ್ತು. ಕಾಲು ಬಡಿದೆ. ಕೈ ಚಾಚಿದೆ. ಉಸಿರು ತಪ್ಪಿದಾಗ ಅಜ್ಜಿಯರ ಹಾಗೆ ಅಂಗಾತ ತಿರುಗಿ ಆಕಾಶ ನೋಡಿದೆ. ಉಸಿರು ಬಂದ ಮೇಲೆ ಮತ್ತೆ ಮಗುಚಿದೆ. ಹಿಂದಿನಿಂದ ನಾದಿನಿ ಕೂಗುತ್ತಿದ್ದಳು, "ಒದೀರಿ ಅತ್ಗೆ! ನಿಲ್ಲುಸ್‌ಬ್ಯಾಡಿ!" ಅವಳ ದನಿ ಸಣ್ಣದಾಗುತ್ತ ಬಂತು. ಆಗಲೇ ನನಗೆ ನಾನು ನಿಜವಾಗಿ ಮುಂದೆ ಹೋಗುತ್ತಿದ್ದೇನೆ ಎಂದು ಖಾತ್ರಿಯಾಯಿತು.

ಬಂಡೆ ಕೈಗೆ ಸಿಕ್ಕಿತು. ಬೆಚ್ಚಗೆ, ಒರಟಾಗಿ, ಕೆಳಗೆ ಮಾತ್ರ ಪಾಚಿ ಕಟ್ಟಿ ಜಾರುತ್ತಿತ್ತು. ಎರಡೂ ಕೈಯಲ್ಲಿ ಅಪ್ಪಿಕೊಂಡು ಗಲ್ಲವನ್ನು ಅದಕ್ಕೆ ಒತ್ತಿ ಹಿಡಿದೆ. ಅಳು ಬಂತೋ ಉಪ್ಪುನೀರೋ ತಿಳಿಯಲಿಲ್ಲ. ಗೆಳತಿ ನಗುತ್ತ ಪಕ್ಕದಲ್ಲಿ ಬಂದು ಹಿಡಿದುಕೊಂಡಳು.

"ವೆಲ್?" ಎಂದಳು. "ಈಗ?"

"ಈಗ ಏನು?"

"ವಾಪಸ್ ಹೋಗಬೇಕಲ್ಲ."

ದಡದ ಕಡೆ ತಿರುಗಿ ನೋಡಿದೆ. ಏಣಿಯ ಮೇಲೆ ನಾದಿನಿ ಕಡ್ಲೆಕಾಯಿಯಷ್ಟು ಕಾಣುತ್ತಿದ್ದಳು. ಇಷ್ಟು ದಿನವೂ ನಾನು ಬಂಡೆ ಮುಟ್ಟುವುದನ್ನು ಮಾತ್ರ ಯೋಚಿಸಿದ್ದೆ. ಹಿಂದಕ್ಕೂ ಅಷ್ಟೇ ದಾರಿ ಇದೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ತೋಳು ಸೋತಿತ್ತು, ಮಂಡಿ ನೋಯುತ್ತಿತ್ತು.

"ದೋಣಿ ಕರೀಲಾ?" ಎಂದಳು ಗೆಳತಿ. "ನೋ ಶೇಮ್."

"ಬೇಡ" ಎಂದೆ. ಎರಡು ಕಾಲನ್ನೂ ಬಂಡೆಗೆ ಊರಿ, ಬಲವಾಗಿ ಒದ್ದೆ.