ಚಪ್ಪಾಳೆ ತಟ್ಟದ ಅಂಪೈರ್

ಶಿಡ್ಲಘಟ್ಟ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ರೇಷ್ಮೆ ನೂಲು ಬಿಚ್ಚುವ ಘಟಕದ ಒಲೆಗೆ ಗಂಗುಲಪ್ಪ ಹುಣಸೆ ಸೌದೆ ತುರುಕಿ, ಬೆಂಕಿ ಹತ್ತಿಸಿ, ಕೊಳವೆಗೆ ಹಬೆ ಬಿಡುತ್ತಾರೆ. ಬೆಂದ ಗೂಡಿನ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಂಡು ಓಡಬೇಕು. ಗಂಗುಲಪ್ಪನವರಿಗೆ ಅದರ ಪರಿವೆಯೇ ಇಲ್ಲ. ಹೆಂಗಸರು ಕೆಲಸಕ್ಕೆ ಬರುವ ಮುಂಚೆ ಗೂಡು ಮುಳುಗಿಸಿ ಎಳೆ ತೆಗೆಯುವ ಒಂದೊಂದೇ ಬೇಸಿನ್ನಿನ ಮುಂದೆ ನಿಂತು, ನೀರಿಗೆ ತಮ್ಮ ಕೈಯನ್ನೇ ಅದ್ದಿ ನೋಡುತ್ತಾರೆ. ಒಂದು ಕಡೆ ಚುರ್ರೆನ್ನುತ್ತದೆ. ಕೈ ಒದರಿ, ತಣ್ಣೀರು ಬೆರೆಸಿ, ಮತ್ತೆ ಅದ್ದುತ್ತಾರೆ. ಮೊದಲು ಹೀಗೆ ನೋಡುತ್ತಿರಲಿಲ್ಲ. ಈ ಅಭ್ಯಾಸ ಶುರುವಾದದ್ದು ಒಂದು ಡಾರ್ಟ್ಸ್ ಪಂದ್ಯದಿಂದ.

ಹೌದು, ಡಾರ್ಟ್ಸ್. ಗೋಡೆಯ ಮೇಲಿನ ದುಂಡು ಹಲಗೆಗೆ ಪುಟ್ಟ ಬಾಣ ಎಸೆಯುವ ಆಟ. ಇಲ್ಲಿನವರ ಬಾಯಲ್ಲಿ ‘ಮೊಳೆ ಆಟ’. ಪ್ರಾಯದಲ್ಲಿ ಗಂಗುಲಪ್ಪ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಅಟೆಂಡರ್ ಆಗಿದ್ದರು. ಕ್ಲಬ್ಬಿನವರು ಹಳೇ ಹಲಗೆ ಬಿಸಾಕಿದಾಗ ಅದನ್ನು ಬಸ್ಸಿನ ಟಾಪಿಗೆ ಕಟ್ಟಿಕೊಂಡು ಊರಿಗೆ ತಂದರು. ತಮಾಷೆಯೆಂದರೆ ಅವರಿಗೆ ಆಟ ಬರುವುದಿಲ್ಲ. “ನಾನು ಎಸೆದ್ರೆ ಗೋಡೆಗೇ ಸಾರ್” ಎಂದು ನಗುತ್ತಾರೆ. “ಆದ್ರೆ ಆ ಕ್ಲಬ್ಬಲ್ಲಿ ದೊಡ್ಡ ದೊಡ್ಡೋರು ಕುಡ್ದು, ಹಲಗೆ ಮುಂದೇನೆ ಕಾಲರ್ ಹಿಡ್ಕೊಳ್ಳೋರು. ನಮ್ಮೂರಲ್ಲಿ ಆಡಿದ್ರೆ ಮರ್ಯಾದೆಯಾಗಿ ಆಡ್ಬೇಕು ಅಂದ್ಕೊಂಡೆ.”

ಅಲ್ಲಿಂದ ಬಂತು ನೋಡಿ ಅಂಪೈರ್ ಪಟ್ಟ. ಭಾನುವಾರ ಎಲ್ಲಿ ಪಂದ್ಯವಿದ್ದರೂ ಗಂಗುಲಪ್ಪ ಹಾಜರ್. ಬಾಯಿ ವಾಸನೆ ಬಂದರೆ ಆಟವಿಲ್ಲ. ಎದುರಾಳಿ ಎಸೆಯುವಾಗ ಸುಮ್ಮಸುಮ್ಮನೆ ಕೆಮ್ಮುವಂತಿಲ್ಲ. ಸೋತ ಸಿಟ್ಟಿಗೆ ಬಾಣ ನೆಲಕ್ಕೆ ಕುಕ್ಕಿದರೆ ಎಚ್ಚರಿಕೆ, ಇನ್ನೊಮ್ಮೆ ಕುಕ್ಕಿದರೆ ಮನೆಗೆ. ಶುರುವಿನಲ್ಲೂ ಕೊನೆಯಲ್ಲೂ ಇಬ್ಬರೂ ಕೈ ಕುಲುಕಲೇಬೇಕು. ಅಂಪೈರ್‌ಗೂ ಒಂದು ಕಟ್ಟಳೆಯುಂಟು: ಯಾರು ಎಷ್ಟೇ ಚೆಂದ ಎಸೆಯಲಿ, ಚಪ್ಪಾಳೆ ತಟ್ಟುವಂತಿಲ್ಲ. ಇನ್ನು ಬಾಣ ಎಸೆಯುವ ಗೆರೆಯ ಬಳಿ ನಿಂತರೆ ಅವರ ಬಾಯಲ್ಲಿ ಎಲ್ಲರಿಗೂ ಬಹುವಚನವೇ. “ಮನೇಲಿ ಕೇಳಿದ್ದಕ್ಕೂ ಉತ್ರ ಕೊಡಲ್ಲ, ಅಲ್ಲೋಗಿ ನಿಂತ್ರೆ ಜಡ್ಜು!” ಎಂದು ಹೆಂಡತಿ ಮುನಿಶಾಮಮ್ಮ ಕಿಚಾಯಿಸುತ್ತಾರೆ.

ಕೈ ಕುಲುಕುವ ಈ ನಿಯಮಕ್ಕೇ ಒಮ್ಮೆ ದೊಡ್ಡ ರಾದ್ಧಾಂತ ಆಗಿತ್ತು. ಪೆರೇಸಂದ್ರದ ಜಮೀನುದಾರರ ಮನೆಯ ರಮೇಶ್‌ಬಾಬು ಒಳ್ಳೆಯ ಆಟಗಾರ. ಎಲ್ಲರ ಕೈ ಕುಲುಕುತ್ತಿದ್ದವರು, ಗಂಗುಲಪ್ಪನವರ ಕಾಲೊನಿಯ ಸುನೀಲ್ ಎದುರು ನಿಂತಾಗ ಮಾತ್ರ ದೂರದಿಂದಲೇ ಕೈ ಜೋಡಿಸಿದರು. ಅದರ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. “ಶೇಕ್‌ಹ್ಯಾಂಡ್ ಮಾಡಿ, ಇಲ್ಲಾಂದ್ರೆ ಪಂದ್ಯ ಬಿಡಿ” ಎಂದರು ಗಂಗುಲಪ್ಪ. ಜಾಗ ಬಿಟ್ಟು ಕದಲಲಿಲ್ಲ. ರಮೇಶ್‌ಬಾಬು ಮುಖ ಗಂಟಿಕ್ಕಿಕೊಂಡೇ ಕೈ ಚಾಚಿದರು. ಆಮೇಲಿನಿಂದ ಯಾರೊಂದಿಗೂ ಹಾಗೆ ಮಾಡಿದ್ದಿಲ್ಲ, ಅದನ್ನೂ ಹೇಳಬೇಕು.

ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದ ಮೇಲೆ ಹೊಸ ಜಿಲ್ಲೆಯ ಮೊದಲ ತಂಡಕ್ಕೆ ಆಯ್ಕೆ ನಡೆಯಿತು. ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ, ಹಿಂದಿನ ದಿನದ ಸಾಂಬಾರಿನ ಘಮದ ನಡುವೆ. ಹೆಣ್ಣು ಗಂಡು ಬೇರೆ ಬೇರೆ ಆಡಿಸುವಷ್ಟು ಜನ ಇಲ್ಲದ್ದರಿಂದ ರಮೇಶ್‌ಬಾಬುಗೆ ಎದುರಾಳಿಯಾಗಿ ಬಂದವಳು ತನುಜ. ಗಂಗುಲಪ್ಪ ಕೆಲಸ ಮಾಡುವ ಘಟಕದಲ್ಲೇ ನೂಲು ಬಿಚ್ಚುವ ಹುಡುಗಿ, ಅದೇ ಕಾಲೊನಿಯವಳು. ಗೆದ್ದರೆ ತಂಡದಲ್ಲಿ ಜಾಗ.

ತನುಜ ಬಂದವಳೇ ಎರಡೂ ಕೈ ಜೋಡಿಸಿ ನಿಂತಳು.

ಹಾಲಿನಲ್ಲಿ ಪಿಸುಪಿಸು ಎದ್ದಿತು. ಹಳೇ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದೇ ಎಲ್ಲರ ಲೆಕ್ಕಾಚಾರ; ಹಿಂದಿನಿಂದ ಯಾರೋ ಶಿಳ್ಳೆ ಕೂಡ ಹೊಡೆದರು. “ಪರವಾಗಿಲ್ಲ ಬಿಡು ಗಂಗುಲಪ್ಪ, ಆಡೋಣ” ಎಂದರು ರಮೇಶ್‌ಬಾಬು, ನಿಜಕ್ಕೂ ದೊಡ್ಡ ಮನಸ್ಸಿನಿಂದಲೇ. ಗಂಗುಲಪ್ಪ ಒಪ್ಪಲಿಲ್ಲ. “ಅವತ್ತು ನಿಮ್ಗೆ ಹೇಳಿದ್ದೇ ಇವತ್ತು ಇವ್ರಿಗೂ. ಶೇಕ್‌ಹ್ಯಾಂಡ್ ಮಾಡಿ, ತನುಜ ಅವರೇ.”

ತನುಜ ಒಮ್ಮೆ ಅವರ ಮುಖ ನೋಡಿದಳು. ಕೈ ಚಾಚಿದಳು. ರಮೇಶ್‌ಬಾಬು ಗಟ್ಟಿಯಾಗಿ ಹಿಡಿದು ಕುಲುಕಿದವರು, ಬೆಚ್ಚಿಬಿದ್ದು ಕೈ ಬಿಟ್ಟರು. ಅವರ ಅಂಗೈ ಒದ್ದೆಯಾಗಿತ್ತು. ಅವಳ ಅಂಗೈಯಲ್ಲಿ ಸುಟ್ಟ ಬೊಬ್ಬೆ ಒಡೆದಿತ್ತು.

“ಅಯ್ಯೋ ದೇವುಡಾ, ಏನಮ್ಮ ತನುಜಮ್ಮ ಇದು!” ಗಂಗುಲಪ್ಪನವರ ಬಹುವಚನ ಎಲ್ಲಿ ಹೋಯಿತೋ ಏನೋ.

ಹಿಂದಿನ ದಿನ ಗಂಗುಲಪ್ಪ ಬೆಳಿಗ್ಗೆ ಅವಸರವಸರವಾಗಿ ಹಬೆ ಬಿಟ್ಟು, ಹಲಗೆ ನೇತುಹಾಕಲು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ್ದರು. ಬೇಸಿನ್ನಿನ ನೀರು ವಿಪರೀತ ಕಾದಿತ್ತು. ತನುಜ ಕೈ ಇಟ್ಟಳು, ಸುಟ್ಟಿತು. ಗಾಯವಾದವರನ್ನು ಆಯ್ಕೆಯಿಂದ ಕೈಬಿಡುತ್ತಾರೆಂದು ಹೆದರಿ ಯಾರಿಗೂ ಹೇಳಲಿಲ್ಲ. ಜೋಡಿಸಿದ ಕೈಯೊಳಗೆ ಬಚ್ಚಿಟ್ಟುಕೊಂಡು ಬಂದಿದ್ದಳು. ಇನ್ನೊಂದು ದಿನ ಆಡಿಸೋಣವೆಂದು ರಮೇಶ್‌ಬಾಬು ಅವರೇ ಹೇಳಿದರೂ ಆಯ್ಕೆ ನಡೆಸುತ್ತಿದ್ದ ಡಾರ್ಟ್ಸ್ ಸಂಘದವರು ನಿಯಮದಲ್ಲಿಲ್ಲ ಎಂದರು. ಬಟ್ಟೆ ಸುತ್ತಿಕೊಂಡೇ ತನುಜ ಆಡಿದಳು. ಗೆಲ್ಲಬೇಕಿದ್ದ ಕೊನೇ ಬಾಣ ಬೆರಳಿನಿಂದ ಜಾರಿತು. ತಂಡ ಅವಳಿಲ್ಲದೆ ಹೊರಟಿತು.

“ನೀರು ಕಾಯ್ಸಿದ್ದೂ ನಾನೇ, ಶೇಕ್‌ಹ್ಯಾಂಡ್ ಮಾಡಿ ಅಂದಿದ್ದೂ ನಾನೇ” ಎನ್ನುತ್ತಾ ಗಂಗುಲಪ್ಪ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. “ನಿಯಮ ತಪ್ಪಲ್ಲ ಸಾರ್. ಆದ್ರೆ ಗೂಡಿನ ಕೆಲಸ ಮಾಡೋರ ಕೈ ಹೆಂಗಿರ್ತದೆ ಅಂತ ನಂಗೆ ಗೊತ್ತಿಲ್ವಾ? ಒಂದ್ಸಲ ಕೈ ನೋಡ್ಬೇಕಾಗಿತ್ತು.” ಸಂಘದ ಬಾಗಿಲಿಗೆ ಅಲೆದೂ ಅಲೆದೂ, ಗಾಯವಾದವರಿಗೆ ಬೇರೆ ದಿನ ಆಡಿಸುವ ನಿಯಮ ಸೇರಿಸಿದ ಮೇಲೇ ಅವರು ಸುಮ್ಮನಾದದ್ದು. ಈಗ ಪಂದ್ಯಕ್ಕೆ ಮುಂಚೆ ಎಲ್ಲರೂ ಅವರಿಗೆ ಅಂಗೈ ತೋರಿಸಬೇಕು. ಕೆಲವರು ನಗುತ್ತಾರೆ, ನಗಲಿ.

ಈ ಭಾನುವಾರ ಮತ್ತೆ ಆಯ್ಕೆ. ತನುಜಳ ಕೈ ವಾಸಿಯಾಗಿದೆ. ಗಂಗುಲಪ್ಪ ಈ ಸಲ ಬೇರೆ ಅಂಪೈರ್‌ನ ನಿಲ್ಲಿಸಿ ಎಂದು ಸಂಘಕ್ಕೆ ತಾವೇ ಹೇಳಿ ಬಂದಿದ್ದರು. ಜನರ ಸಾಲಿನಲ್ಲಿ ಕೂತು, ಅವಳ ಆಟಕ್ಕೆ ಒಂದೇ ಒಂದು ಸಲ ಮನಸಾರೆ ಚಪ್ಪಾಳೆ ತಟ್ಟಬೇಕು; ಇಷ್ಟು ವರ್ಷಕ್ಕೆ ಅವರಿಗಿರುವ ಆಸೆ ಅದೊಂದೇ.

ಬೇಸಿನ್ನಿನ ಮುಂದೆ ಕೂತ ತನುಜ ಎಳೆ ಹಿಡಿಯುತ್ತಲೇ ತಲೆ ಅಲ್ಲಾಡಿಸುತ್ತಾಳೆ. “ಬೇರೆ ಯಾರೂ ಬೇಡ ಅಂತ ನಾನು ಸಂಘದೋರ್ಗೆ ಹೇಳ್ಬಿಟ್ಟು ಬಂದಿದೀನಿ. ಗಂಗುಲಪ್ಪಣ್ಣನೇ ನಿಂತ್ಕೋಬೇಕು. ಅವ್ರು ನಿಂತ್ರೆ ಗೆದ್ರೂ ಸೋತ್ರೂ ಅದು ನಂದೇ.”

ಗಂಗುಲಪ್ಪ ಒಲೆಯ ಕಡೆ ತಿರುಗಿ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಹೊಗೆ, ಪಾಪ.

“ಸರಿ ಬಿಡಮ್ಮ” ಎನ್ನುತ್ತಾರೆ. “ಚಪ್ಪಾಳೆ ಮನೆಗೋಗಿ ಹೊಡ್ಕೋತೀನಿ.”